ಬಗ್ಗಿಯಲ್ಲಿ ಕೂತ ತಕ್ಷಣ ಪಟ ಬೀಳುತ್ತದೆಯೇ? ಸ್ಥಿರವಾದ ಪವರ್ ಕೈಟ್ ಆರಿಸುವ, ಹಾರಿಸುವ ಸಮಗ್ರ ಮಾರ್ಗದರ್ಶಿ

ಕೈಟ್ ಬಗ್ಗಿ ಅಂದರೆ ಪಟ ಎಳೆದುಕೊಂಡು ಹೋಗುವ ಮೂರು ಗಾಲಿಯ ಪುಟ್ಟ ಗಾಡಿ. ಅದನ್ನು ಕಲಿಯಲು ಹೊರಟ ಗೆಳೆಯರೆಲ್ಲ ಒಂದೇ ದೂರು ಹೇಳುತ್ತಾರೆ. ನಿಂತು ಹಾರಿಸುವಾಗ ಪಟ ಅರ್ಧ ಗಂಟೆ ಅಲುಗಾಡದೆ ಮೇಲಿರುತ್ತದೆ. ಬಗ್ಗಿಯಲ್ಲಿ ಕೂತು ಇಪ್ಪತ್ತು ಮೀಟರ್ ಹೋಗುವಷ್ಟರಲ್ಲಿ ಒದ್ದೆ ಟವೆಲ್ ಥರ ಮುದುಡಿ ಕೆಳಗೆ ಬೀಳುತ್ತದೆ. ಪಟವೇ ಸರಿ ಇಲ್ಲ ಅಂತ ಇನ್ನೂ ದೊಡ್ಡದು ಕೊಳ್ಳುತ್ತಾರೆ. ಆಗ ಬೀಳುವುದು ಇನ್ನೂ ಜೋರಾಗಿ ಬೀಳುತ್ತದೆ, ಅಷ್ಟೇ.

ಕಾರಣ ಸರಳ. ನಿಂತಾಗ ನೀವು ಒಂದು ಗೂಟ. ಬಗ್ಗಿಯಲ್ಲಿ ಆ ಗೂಟ ಓಡುತ್ತಿರುತ್ತದೆ. ಬಗ್ಗಿ ಸ್ವಲ್ಪವೇ ಪಟದ ಕಡೆ ಉರುಳಿದರೂ ದಾರ ಸಡಿಲವಾಗುತ್ತದೆ. ನಮ್ಮ ಊರಿನ ಪಟಕ್ಕೆ ಬಿದಿರು ಕಡ್ಡಿ ಇದೆ, ದಾರ ಸಡಿಲಾದರೂ ಆಕಾರ ಉಳಿಯುತ್ತದೆ. ಬಗ್ಗಿ ಎಳೆಯುವ ಈ ಪವರ್ ಕೈಟ್‌ಗೆ ಕಡ್ಡಿಯೇ ಇಲ್ಲ. ಗಾಳಿ ಮತ್ತು ದಾರದ ಬಿಗಿ, ಇವೆರಡೇ ಅದರ ಮೂಳೆ. ಹಾಗಾಗಿ ಒಂದು ಕ್ಷಣದ ಸಡಿಲವನ್ನು ಸಹಿಸುವ ಪಟ ಆರಿಸಬೇಕು, ಆಮೇಲೆ ಸಡಿಲವೇ ಆಗದಂತೆ ಓಡಿಸಲು ಕಲಿಯಬೇಕು. ಈ ಕ್ರಮ ತಪ್ಪಿಸಬೇಡಿ.

## ಹಂತ 1: ಮೊದಲು ಜಾಗ ಮತ್ತು ಗಾಳಿ

ನಾನು ಹೋಗುವುದು ಡೆನ್ಮಾರ್ಕ್‌ನ ರೋಮೋ ದ್ವೀಪಕ್ಕೆ. ಹ್ಯಾಂಬರ್ಗ್‌ನಿಂದ ಕಾರಿನಲ್ಲಿ ಹೆಚ್ಚುಕಮ್ಮಿ ಮೂರು ಗಂಟೆ. ಪಶ್ಚಿಮದ ದಂಡೆಯ ಮರಳು ಎಷ್ಟು ಗಟ್ಟಿ ಅಂದರೆ ಕಾರುಗಳೇ ಬೀಚ್ ಮೇಲೆ ಓಡುತ್ತವೆ. ದಕ್ಷಿಣ ತುದಿಯ ಸೆನರ್‌ಸ್ಟ್ರಾಂಡ್‌ನಲ್ಲಿ ಬಗ್ಗಿಗಳಿಗೆ ಅವಕಾಶ ಇದೆ. ಪಶ್ಚಿಮದಿಂದ ಗಾಳಿ ಬಂದರೆ ಅದು ಉತ್ತರ ಸಮುದ್ರದ ಮೇಲಿಂದ ನೇರವಾಗಿ ಬರುತ್ತದೆ, ಮಧ್ಯೆ ಮರ ಇಲ್ಲ, ಮನೆ ಇಲ್ಲ. ನಯವಾದ ಗಾಳಿ ಅಂದರೆ ಇದು. ಕಲಿಯಲು ಇಂಥದ್ದೇ ಬೇಕು. ಪೂರ್ವದ ಗಾಳಿ ನೆಲ, ಮರಳ ದಿಬ್ಬ ಎಲ್ಲ ದಾಟಿ ಮುರಿದು ಬರುತ್ತದೆ. ಆ ದಿನ ನಾನು ಪಟ ಬಿಚ್ಚುವುದಿಲ್ಲ.

ಮಲ್ಪೆ, ಕಾರವಾರದಲ್ಲಿ ಮಾಡಬಹುದಾ ಅಂತ ಊರಿನ ಗೆಳೆಯರು ಕೇಳುತ್ತಾರೆ. ಜನ, ದೋಣಿ, ನಾಯಿ, ಇಳಿಜಾರು ಮರಳು, ಹಿಂದೆ ಮರಗಳ ಸಾಲು. ಕಲಿಯುವವರಿಗೆ ಬೇಡ. ನಿಮ್ಮ ಸುತ್ತ ಕನಿಷ್ಠ 100 ಮೀಟರ್ ಖಾಲಿ ಇರಬೇಕು, ಗಾಳಿ ಹೋಗುವ ದಿಕ್ಕಿನಲ್ಲಿ ಇನ್ನೂ ಜಾಸ್ತಿ. ಕರೆಂಟ್ ತಂತಿ, ರಸ್ತೆ, ವಿಮಾನ ನಿಲ್ದಾಣ ಹತ್ತಿರ ಇರಲೇಬಾರದು. ಯುರೋಪಿನ ಹಲವು ಬೀಚ್‌ಗಳಲ್ಲಿ ಇನ್ಶೂರೆನ್ಸ್ ಅಥವಾ ಲೈಸೆನ್ಸ್ ಕೇಳುತ್ತಾರೆ. ಬೀಚ್ ಬಾಗಿಲಿನ ಬೋರ್ಡ್ ಓದಿ ಒಳಗೆ ಹೋಗಿ. ಭರತ ಇಳಿತದ ವೇಳೆಯನ್ನೂ ನೋಡಿಕೊಳ್ಳಿ.

ಇನ್ನು ಗಾಳಿಯ ಲೆಕ್ಕ. ಡೆನ್ಮಾರ್ಕ್‌ನ ಹವಾಮಾನ ವರದಿಯಲ್ಲಿ ಗಾಳಿ ಇರುವುದು ಸೆಕೆಂಡಿಗೆ ಎಷ್ಟು ಮೀಟರ್ ಅಂತ. ನಾನು ಮೊದಲ ವರ್ಷ ಫೋನಿನಲ್ಲಿ 9 ಅಂತ ನೋಡಿ, ಗಂಟೆಗೆ 9 ಕಿ.ಮೀ. ಅಂದುಕೊಂಡು 5 ಚದರ ಮೀಟರಿನ ಪಟ ಬಿಚ್ಚಿದೆ. ನಿಜವಾಗಿ ಅದು 32 ಕಿ.ಮೀ. ಪಟ ಎದ್ದ ಎರಡನೇ ಸೆಕೆಂಡಿಗೆ ನಾನು ಹೊಟ್ಟೆ ಮೇಲೆ ಮರಳಿನಲ್ಲಿ ಜಾರುತ್ತಿದ್ದೆ. ಜಾಕೆಟ್ಟಿನ ಜಿಪ್ ಒಳಗಿನಿಂದಲೂ ಮರಳು ಬಂತು. ಸೂತ್ರ ನೆನಪಿಡಿ: ಸೆಕೆಂಡಿನ ಮೀಟರನ್ನು 3.6ರಿಂದ ಗುಣಿಸಿದರೆ ಗಂಟೆಯ ಕಿಲೋಮೀಟರ್.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ವರದಿಯಲ್ಲಿ ಸರಾಸರಿ 6, ಬೀಸು (ಇದ್ದಕ್ಕಿದ್ದಂತೆ ಜೋರಾಗುವ ಗಾಳಿ) 9 ಅಂತ ಇದ್ದರೆ, ಬೀಸು ಬಂದಾಗ ಎಳೆತ ಎರಡೂಕಾಲು ಪಟ್ಟು ಆಗುತ್ತದೆ. ಬೀಸು ಸರಾಸರಿಯ ಒಂದೂವರೆ ಪಟ್ಟು ಮುಟ್ಟುವ ದಿನ ಹೊಸಬರು ಚಹಾ ಕುಡಿದು ವಾಪಸ್ ಬರುವುದೇ ಒಳ್ಳೆಯದು. ಮೊದಲ ಕೆಲವು ದಿನಗಳಿಗೆ ಗಂಟೆಗೆ 15ರಿಂದ 25 ಕಿ.ಮೀ. ಸಾಕು.

## ಹಂತ 2: ಸ್ಥಿರವಾದ ಪಟ ಯಾವುದು?

ಅಂಗಡಿಯಲ್ಲಿ ಎಲ್ಲವೂ ಸ್ಥಿರ ಅಂತಲೇ ಬರೆದಿರುತ್ತಾರೆ. ನೀವೇ ಅಳೆದು ನೋಡುವ ಒಂದು ದಾರಿ ಇದೆ. ಪಟದ ಅಗಲವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ವಿಸ್ತೀರ್ಣದಿಂದ ಭಾಗಿಸಿ. ಇದಕ್ಕೆ ಆಸ್ಪೆಕ್ಟ್ ರೇಶಿಯೋ ಅನ್ನುತ್ತಾರೆ. ಅಗಲ 2.9 ಮೀಟರ್, ವಿಸ್ತೀರ್ಣ 3 ಚದರ ಮೀಟರ್ ಇದ್ದರೆ ಉತ್ತರ ಸುಮಾರು 2.8. ಅಗಲ 4.5, ವಿಸ್ತೀರ್ಣ 4 ಇದ್ದರೆ ಸುಮಾರು 5. ಮೊದಲನೆಯದು ಮೋಟು, ದಪ್ಪ, ನಿಧಾನ. ಎರಡನೆಯದು ಉದ್ದ, ತೆಳು, ಚುರುಕು. ನಿಮಗೆ ಬೇಕಾದದ್ದು ಮೊದಲನೆಯದು. 3ರ ಆಸುಪಾಸಿನಲ್ಲೇ ಇರಿ, 3.5 ದಾಟಬೇಡಿ.

ಯಾಕೆ ಹೀಗೆ? ಚುರುಕು ಪಟ ಗಾಳಿಯ ಅಂಚಿಗೆ, ಅಂದರೆ ಬಹುಮಟ್ಟಿಗೆ ನಿಮ್ಮ ತಲೆಯ ನೇರಕ್ಕೆ, ಓಡಿ ಬರುತ್ತದೆ. ಬೀಸು ಬಂದಾಗ ಇನ್ನೂ ಮುಂದೆ ನುಗ್ಗುತ್ತದೆ. ಬೀಸು ನಿಂತಾಗ ಅದು ಅಂಚು ದಾಟಿರುತ್ತದೆ, ದಾರ ಸಡಿಲ, ಮೂತಿಯ ಮೇಲೆ ಗಾಳಿ ಬಡಿದು ಮಡಚಿಕೊಳ್ಳುತ್ತದೆ. ಮೋಟು ಪಟ ಅಂಚಿಗಿಂತ ಒಂದಿಷ್ಟು ಹಿಂದೆಯೇ ಉಳಿಯುತ್ತದೆ. ಹಿಂದೆ ಉಳಿದಷ್ಟೂ ದಾರ ಬಿಗಿ. ಇದಕ್ಕೂ ಬೆಲೆ ಇದೆ: ಅದು ನಿಮ್ಮನ್ನು ಪಕ್ಕಕ್ಕೆ ಜಾಸ್ತಿ ಎಳೆಯುತ್ತದೆ, ಗಾಳಿಗೆ ಎದುರಾಗಿ ಹತ್ತುವುದು ಕಷ್ಟ. ಮೊದಲ ತಿಂಗಳು ಆ ಬೆಲೆ ಕೊಡಿ.

ಈಗ ಬಗೆಗಳು. ನಾಲ್ಕು ದಾರದ ತೆರೆದ ಬಾಯಿಯ ಫಾಯಿಲ್, ಅಂದರೆ ಮುಂದಿನ ಬಾಯಿಯಿಂದ ಗಾಳಿ ತುಂಬಿಕೊಂಡು ಉಬ್ಬುವ ಬಟ್ಟೆ ಪಟ: ಎಳೆತ ಹೊರುವ ಎರಡು ಪವರ್ ಲೈನ್, ಹಿಂದಿನ ಅಂಚು ಎಳೆದು ಪಟವನ್ನು ತಡೆಯುವ ಎರಡು ಬ್ರೇಕ್ ಲೈನ್. ನನ್ನ ಮತ ಇದಕ್ಕೇ. ಎಳೆತ ಎಲ್ಲಿಂದ ಬರುತ್ತದೆ ಅಂತ ಕೈಗೆ ನೇರವಾಗಿ ಗೊತ್ತಾಗುತ್ತದೆ, ಬ್ರೇಕ್ ಹಿಡಿದರೆ ಇರುವ ಜಾಗದಲ್ಲೇ ಇಳಿಯುತ್ತದೆ.

ಎರಡನೆಯದು ಒಂದೇ ಪದರದ ಪಟ. ನಾಸಾ 1960ರ ದಶಕದಲ್ಲಿ ಬಾಹ್ಯಾಕಾಶ ನೌಕೆ ಇಳಿಸಲು ಪರೀಕ್ಷಿಸಿದ ಪ್ಯಾರಾವಿಂಗ್ ಇದರ ಮೂಲ. ಬಗ್ಗಿಯವರು ಇದನ್ನು ಎನ್‌ಪಿಡಬ್ಲ್ಯೂ (ನಾಸಾ ಪ್ಯಾರಾವಿಂಗ್) ಅನ್ನುತ್ತಾರೆ, ಹಲವರು ಮನೆಯಲ್ಲೇ ಹೊಲಿದುಕೊಳ್ಳುತ್ತಾರೆ. ಇದಕ್ಕೆ ಗಾಳಿ ತುಂಬುವ ಕೋಣೆಗಳೇ ಇಲ್ಲ, ಹಾಗಾಗಿ ಗಾಳಿ ಸೋರಿ ಕುಸಿಯುವ ಮಾತೂ ಇಲ್ಲ. ಮಡಚಿದರೂ ಮರುಕ್ಷಣ ಅರಳುತ್ತದೆ. ಎತ್ತುವುದಕ್ಕಿಂತ ಎಳೆಯುವುದು ಜಾಸ್ತಿ, ಗಾಳಿಗೆ ಎದುರು ಹೋಗುವುದು ಕಡಿಮೆ. ಬಗ್ಗಿಯಲ್ಲಿ ಕೂತರೆ ಸಾಕು ಪಟ ಬೀಳುತ್ತದೆ ಅನ್ನುವವರು ಒಮ್ಮೆ ಯಾರದ್ದಾದರೂ ಇಸ್ಕೊಂಡು ನೋಡಿ. ತಪ್ಪು ಪಟದ್ದೋ ಕೈಯದ್ದೋ ಅಂತ ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ.

ಮೂರನೆಯದು ಬಾರ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು) ಮತ್ತು ಹಾರ್ನೆಸ್ (ಸೊಂಟದ ಪಟ್ಟಿ) ಇರುವ ಡಿಪವರ್ ಫಾಯಿಲ್. ಬಾರ್ ದೂರ ತಳ್ಳಿದರೆ ಎಳೆತ ಇಳಿಯುತ್ತದೆ. ಒಳ್ಳೆಯದೇ, ಆದರೆ ಪಟ ನಿಮ್ಮ ಸೊಂಟಕ್ಕೆ ಕಟ್ಟಿರುತ್ತದೆ. ಹೇಳಿಕೊಡುವವರು ಪಕ್ಕದಲ್ಲಿ ಇಲ್ಲದಿದ್ದರೆ ಬೇಡ. ರೇಸ್ ಪಟ, ಎರಡೇ ದಾರದ ಪಟ, ನೀರಿನಲ್ಲಿ ಬಳಸುವ ಟ್ಯೂಬ್ ಪಟ, ಇವನ್ನು ಮೊದಲ ಪಟವಾಗಿ ಕೊಳ್ಳಬೇಡಿ.

ಹಳೆಯದು ಕೊಳ್ಳುವಾಗ ಬಟ್ಟೆಯನ್ನು ತುಟಿಗೆ ಒತ್ತಿ ಉಸಿರು ಊದಿ. ಗಾಳಿ ಸಲೀಸಾಗಿ ದಾಟಿದರೆ ಬಟ್ಟೆ ಸತ್ತಿದೆ, ಎಷ್ಟೇ ಅಗ್ಗವಾದರೂ ಬಿಡಿ.

## ಹಂತ 3: ಎಷ್ಟು ದೊಡ್ಡದು?

75 ಕೆ.ಜಿ. ತೂಕದವರಿಗೆ, ಗಟ್ಟಿ ಮರಳಿನಲ್ಲಿ, ನಾನು ಹೇಳುವ ಅಂದಾಜು: ಗಂಟೆಗೆ 12ರಿಂದ 16 ಕಿ.ಮೀ. ಗಾಳಿಗೆ 5 ಚದರ ಮೀಟರ್, 16ರಿಂದ 22ಕ್ಕೆ 4, 22ರಿಂದ 28ಕ್ಕೆ 3. ಅದರ ಮೇಲೆ 2 ಚದರ ಮೀಟರಿನದು ಬೇಕು, ಆದರೆ ಹೊಸಬರು ಅಲ್ಲಿ ಇರಬಾರದು. ಮೆತ್ತನೆ ಮರಳಿನಲ್ಲಿ ಬಗ್ಗಿ ಹೊರಡಲು ಜಾಸ್ತಿ ಎಳೆತ ಬೇಕು. ಹಾಗಂತ ದೊಡ್ಡ ಪಟ ಹಾಕಬೇಡಿ, ಗಟ್ಟಿ ಮರಳು ಹುಡುಕಿ.

ಒಂದೇ ಪಟ ಕೊಳ್ಳುವುದಾದರೆ 3 ಚದರ ಮೀಟರ್. ಕಡಿಮೆ ಗಾಳಿಯಲ್ಲಿ ಬೇಜಾರಾಗುತ್ತದೆ, ಪರವಾಗಿಲ್ಲ.

## ಹಂತ 4: ಬೇಕಾದ ಸಾಮಾನು

ದಾರ ಡೈನೀಮಾದ್ದು, ಅಂದರೆ ತೆಳ್ಳಗಿದ್ದೂ ತುಂಬಾ ಗಟ್ಟಿಯಾದ ಸಿಂಥೆಟಿಕ್ ದಾರ, ನಾಲ್ಕೂ 20 ಮೀಟರ್. ಪವರ್ ಲೈನ್ ಒಂದೊಂದೂ 200 ಕೆ.ಜಿ. ತಡೆಯುವಂಥದ್ದು, ಬ್ರೇಕ್ ಲೈನ್‌ಗೆ ಅದರ ಅರ್ಧ ಸಾಕು. ಮಾಂಜಾ ದಾರ ಬೆರಳು ಕೊಯ್ದದ್ದು ನೆನಪಿದೆ ಅಲ್ವಾ? ಬಿಗಿಯಾದ ಡೈನೀಮಾ ಗಾಜಿನ ಪುಡಿ ಇಲ್ಲದೆಯೂ ಅದನ್ನೇ ಮಾಡುತ್ತದೆ. ಪಟ ಗಾಳಿಯಲ್ಲಿ ಇರುವಾಗ ದಾರವನ್ನು ಕೈಯಿಂದ ಹಿಡಿಯಲೇಬೇಡಿ.

ಕಡ್ಡಾಯ ಬೇಕಾದದ್ದು ಕೈಟ್ ಕಿಲ್ಲರ್. ಮಣಿಕಟ್ಟಿಗೆ ಕಟ್ಟುವ ಪಟ್ಟಿ ಅದು, ಇನ್ನೊಂದು ತುದಿ ಬ್ರೇಕ್ ಲೈನಿಗೆ. ಹ್ಯಾಂಡಲ್ ಬಿಟ್ಟುಬಿಟ್ಟರೆ ಪೂರ್ತಿ ಬ್ರೇಕ್ ಬಿದ್ದು ಪಟ ಬಾವುಟದ ಹಾಗೆ ಸೋತು ಇಳಿಯುತ್ತದೆ. ಇದಿಲ್ಲದೆ ಹ್ಯಾಂಡಲ್ ಬಿಟ್ಟರೆ ಪಟ ಯಾರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೋ ಹೇಳಲಾಗದು.

ಹೆಲ್ಮೆಟ್, ಗಟ್ಟಿ ಅಟ್ಟೆಯ ಶೂ, ಮರಳು ತಡೆಯುವ ಕನ್ನಡಕ, ಗಾಳಿ ಅಳೆಯುವ ಪುಟ್ಟ ಮೀಟರ್, ಹ್ಯಾಂಡಲ್ ಸಿಕ್ಕಿಸಿಡಲು ಒಂದು ಗೂಟ. ಗೂಟದ ಬದಲು ಹಳೆಯ ದೊಡ್ಡ ಸ್ಕ್ರೂಡ್ರೈವರ್ ನಡೆಯುತ್ತದೆ, ನನ್ನದು ಅದೇ.

## ಹಂತ 5: ದಾರ ಸರಿಸಮ, ಬ್ರೇಕ್ ಸಡಿಲ

ಅರ್ಧದಷ್ಟು ಜನ ಸೋಲುವುದು ಇಲ್ಲಿ, ಅದೂ ಪಟ ಮೇಲೇಳುವ ಮುಂಚೆಯೇ.

ಹೊಸ ದಾರ ಹಿಗ್ಗುತ್ತದೆ, ಎಳೆತ ಜಾಸ್ತಿ ಇರುವ ಪವರ್ ಲೈನ್ ಜಾಸ್ತಿ ಹಿಗ್ಗುತ್ತದೆ. ನಾಲ್ಕೂ ತುದಿಯನ್ನು ಒಂದೇ ಗೂಟಕ್ಕೆ ಹಾಕಿ, ಇನ್ನೊಂದು ತುದಿ ಹಿಡಿದು ಮೈಭಾರ ಕೊಟ್ಟು ಎಳೆಯಿರಿ. ಆಮೇಲೆ ಅಳೆಯಿರಿ. ಎರಡು ಪವರ್ ಲೈನ್‌ಗಳ ನಡುವೆ ಎರಡು ಸೆಂಟಿಮೀಟರ್ ವ್ಯತ್ಯಾಸ ಇದ್ದರೂ ಪಟ ಒಂದೇ ಕಡೆ ವಾಲುತ್ತದೆ. ನಮ್ಮ ಊರಲ್ಲಿ ಸೂತ್ರ ತಪ್ಪಿದ ಪಟ ಗೋತಾ ಹೊಡೆಯುತ್ತದಲ್ಲ, ಅದೇ ಕಥೆ. ಅಲ್ಲಿ ಬಾಲಂಗೋಚಿ ಕಟ್ಟಿ ಸರಿ ಮಾಡುತ್ತಿದ್ದೆವು, ಇಲ್ಲಿ ಬಾಲಂಗೋಚಿ ಇಲ್ಲ. ಗಂಟು ಸರಿಸಿ ಸಮ ಮಾಡಿ.

ಹ್ಯಾಂಡಲಿನ ಮೇಲ್ತುದಿಗೆ ಪವರ್ ಲೈನ್, ಕೆಳತುದಿಗೆ ಬ್ರೇಕ್ ಲೈನ್. ಬ್ರೇಕ್ ಕಡೆ ಬರುವ ಮೋಟು ದಾರದಲ್ಲಿ ಸಾಲಾಗಿ ಗಂಟುಗಳಿರುತ್ತವೆ. ಮಧ್ಯದ ಗಂಟಿಗೆ ಹಾಕಿ ಶುರು ಮಾಡಿ. ಪಟವನ್ನು ತಲೆ ಮೇಲೆ ನಿಲ್ಲಿಸಿ, ಕೈ ಸಹಜವಾಗಿ ಹಿಡಿದು ಬ್ರೇಕ್ ಲೈನ್ ನೋಡಿ. ಅದು ಮೆಲ್ಲಗೆ ಬಾಗಿ, ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತಿರಬೇಕು. ಪವರ್ ಲೈನಿನಷ್ಟೇ ನೆಟ್ಟಗಿದ್ದರೆ ಬ್ರೇಕ್ ಬಿಗಿ ಇದೆ: ಪಟ ಮೇಲೇಳಲು ಒದ್ದಾಡುತ್ತದೆ, ನಡುಗುತ್ತದೆ, ಹಿಂದಕ್ಕೆ ಜಾರುತ್ತದೆ. ತೀರಾ ಜೋತಿದ್ದರೆ ಪಟ ಮುಂದೆ ನುಗ್ಗಿ ತಲೆ ದಾಟಿ ಮಡಚುತ್ತದೆ, ಇಳಿಸಲು ಬ್ರೇಕೂ ಸಾಲದು. ಒಂದು ಸಲಕ್ಕೆ ಒಂದೇ ಗಂಟು ಬದಲಿಸಿ, ಐದು ನಿಮಿಷ ಹಾರಿಸಿ, ಆಮೇಲೆ ಮುಂದಿನ ಗಂಟು.

## ಹಂತ 6: ಕಾಲ ಮೇಲೆ ನಿಂತು ಕಲಿಯುವುದು

ಪಟವನ್ನು ಗಾಳಿ ಹೋಗುವ ಕಡೆ ಬೆನ್ನ ಮೇಲೆ ಮಲಗಿಸಿ, ಸೂತ್ರದ ದಾರಗಳು ಮೇಲಿರಲಿ. ಹಿಂದಿನ ಅಂಚು ನಿಮ್ಮ ಕಡೆ, ಬಾಯಿ ಇರುವ ಅಂಚು ಆಚೆ. ಹಿಂದಿನ ಅಂಚಿನ ಮೇಲೆ ನಾಲ್ಕು ಬೊಗಸೆ ಮರಳು. ಹ್ಯಾಂಡಲ್ ಹಿಡಿದು, ಬ್ರೇಕ್ ಬಿಟ್ಟು, ಪವರ್ ಲೈನ್ ಎಳೆದು ಒಂದು ಹೆಜ್ಜೆ ಹಿಂದೆ ಹೋಗಿ. ಬಾಯಿ ಎದ್ದು ಗಾಳಿ ತುಂಬುತ್ತದೆ, ಮರಳು ಉದುರುತ್ತದೆ, ಪಟ ಏಳುತ್ತದೆ. ಮೊದಲ ಸಲ ಎದೆ ಧಸಕ್ ಅನ್ನುತ್ತದೆ. ಎಳೆತ ಅತಿ ಹೆಚ್ಚು ಇರುವುದು ಗಾಳಿ ಹೋಗುವ ಕಡೆ, ನಿಮ್ಮ ನೇರ ಎದುರಿನ ಈ ನಡುಭಾಗದಲ್ಲೇ. ಹಾಗಾಗಿ ಪಟವನ್ನು ಬೇಗ ಮೇಲಕ್ಕೆ ದಾಟಿಸಿ.

ಈಗ ಐದು ಅಭ್ಯಾಸ, ಇದೇ ಕ್ರಮದಲ್ಲಿ.

1. ತಲೆ ಮೇಲೆ ಹತ್ತು ನಿಮಿಷ ನಿಲ್ಲಿಸಿ. ಕೈ ಸೊಂಟದ ಮಟ್ಟದಲ್ಲಿರಲಿ. ಕೈ ಮೇಲೆತ್ತಿ ಒದ್ದಾಡುವುದು ಎಲ್ಲರೂ ಮಾಡುವ ತಪ್ಪು.

2. ತಲೆಯ ನೇರ ಗಡಿಯಾರದ ಹನ್ನೆರಡು ಅಂದುಕೊಳ್ಳಿ. ಎಡಕ್ಕೆ ಹತ್ತರ ಜಾಗ, ಬಲಕ್ಕೆ ಎರಡರ ಜಾಗ. ಅಲ್ಲಿ ಪಟ ನಿಲ್ಲಬೇಕು. ಬಗ್ಗಿಯಲ್ಲಿ ಬಹುಪಾಲು ಹೊತ್ತು ಪಟ ಇರುವುದು ಇಲ್ಲೇ.

3. ಬ್ರೇಕ್ ಹಿಡಿದು ಇಳಿಸುವುದು. ಹ್ಯಾಂಡಲಿನ ಕೆಳತುದಿಯನ್ನು ಎರಡೂ ಕೈಯಿಂದ ಸಮನಾಗಿ ಎಳೆದರೆ ಪಟ ಹಿಮ್ಮುಖವಾಗಿ ಇಳಿದು ಮಲಗುತ್ತದೆ. ಸತತ ಹತ್ತು ಸಲ ಆಗಬೇಕು. ಒಂಬತ್ತಕ್ಕೆ ತಪ್ಪಿದರೆ ಮತ್ತೆ ಒಂದರಿಂದ.

4. ಪಟವನ್ನು ನೋಡದೆ ಹಾರಿಸುವುದು. ಎರಡರ ಜಾಗದಲ್ಲಿ ನಿಲ್ಲಿಸಿ, ಮುಖ ತಿರುಗಿಸಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಬಗ್ಗಿಯಲ್ಲಿ ಕಣ್ಣು ದಾರಿಯ ಮೇಲಿರಬೇಕು, ಪಟದ ಸುದ್ದಿ ಕೈಗೆ ಬರಬೇಕು.

5. ಪಟದ ಕಡೆಗೆ ನಡೆಯುವುದು. ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಬಗ್ಗಿಯಲ್ಲಿ ಬೀಳಿಸುತ್ತಾರೆ. ಪಟ ಮೇಲಿರುವಾಗ ಅದರತ್ತ ಐದು ಹೆಜ್ಜೆ ನಡೆಯಿರಿ. ಎರಡನೇ ಹೆಜ್ಜೆಗೇ ಕೈಯಲ್ಲಿನ ಭಾರ ಇಳಿಯುತ್ತದೆ. ಆಗ ಎರಡೂ ಹ್ಯಾಂಡಲಿನ ಕೆಳತುದಿಯನ್ನು ಹೆಬ್ಬೆರಳಿನ ಅಗಲದಷ್ಟು ಮಾತ್ರ ಒಳಗೆಳೆಯಿರಿ. ಪಟ ಸ್ವಲ್ಪ ಹಿಂದೆ ಸರಿಯುತ್ತದೆ, ದಾರ ಮತ್ತೆ ಬಿಗಿಯಾಗುತ್ತದೆ. ಅದಕ್ಕಿಂತ ಜಾಸ್ತಿ ಎಳೆದರೆ ಪಟ ಸೋತು ಬೀಳುತ್ತದೆ. ಭಾರ ಇಳಿಯುವ ಆ ಕ್ಷಣವನ್ನು ಬೆರಳು ಗುರುತಿಸುವ ತನಕ ಇದನ್ನೇ ಮಾಡಿ. ನನಗೆ ಮೂರು ಸಂಜೆ ಹಿಡಿಯಿತು.

ಕೊನೆಗೆ ಇದೆಲ್ಲವನ್ನೂ ಮರಳಿನ ಮೇಲೆ ಕೂತು ಒಂದು ಸಲ ಮಾಡಿ. ಕೂತಾಗ ಹಿಂದೆ ಹೆಜ್ಜೆ ಇಡುವ ಸೌಲಭ್ಯ ಇರುವುದಿಲ್ಲ.

## ಹಂತ 7: ಬಗ್ಗಿಗೆ ಕೂರುವುದು

ಬಗ್ಗಿಗೆ ಮೂರು ಗಾಲಿ. ಮುಂದಿನ ಗಾಲಿಯನ್ನು ಪಾದದಿಂದ ತಿರುಗಿಸುತ್ತೀರಿ. ಪಟ ಇಲ್ಲದೆ ಗೆಳೆಯರಿಂದ ತಳ್ಳಿಸಿಕೊಂಡು ಮೊದಲು ಕಾಲಿಗೆ ಅಭ್ಯಾಸ ಮಾಡಿಸಿ. ಎಡಕ್ಕೆ ಹೋಗಲು ಬಲಗಾಲು ಒತ್ತಬೇಕು. ಗಾಬರಿಯಲ್ಲಿ ಎಲ್ಲರಿಗೂ ಉಲ್ಟಾ ಆಗುತ್ತದೆ.

ಮೊದಲ ದಿನಗಳಲ್ಲಿ ಹಾರ್ನೆಸ್‌ಗೆ ಸಿಕ್ಕಿಸಬೇಡಿ. ಕೈ ಸೋತರೆ ನಿಲ್ಲಿಸಿ.

ಬಗ್ಗಿಯ ಮೂತಿ ಗಾಳಿಗೆ ಅಡ್ಡ ಇರಲಿ. ಪಟ ತಲೆ ಮೇಲೆ ನಿಲ್ಲಿಸಿಕೊಂಡು ಕೂರಿ. ಹೋಗುವ ದಿಕ್ಕಿಗೆ ಪಟವನ್ನು ಮೆಲ್ಲಗೆ ಇಳಿಸಿ, ಬಗ್ಗಿ ಉರುಳಿದ ಕೂಡಲೇ ಎರಡರ ಅಥವಾ ಹತ್ತರ ಜಾಗಕ್ಕೆ ಏರಿಸಿ ನಿಲ್ಲಿಸಿ. ಈಗ ಮುಖ್ಯವಾದದ್ದು: ಉರುಳುತ್ತಿದ್ದಂತೆ ಮುಂಗಾಲಿಯನ್ನು ಒಂದಿಷ್ಟು ಗಾಳಿ ಬರುವ ಕಡೆ ತಿರುಗಿಸಿ. ಅಂದರೆ ಪಟದಿಂದ ದೂರ. ಇದರಿಂದ ದಾರ ಬಿಗಿಯಾಗೇ ಇರುತ್ತದೆ. ಹೊಸಬರು ಎಳೆತಕ್ಕೆ ಹೆದರಿ ಮೂತಿಯನ್ನು ಪಟದ ಕಡೆ ತಿರುಗಿಸುತ್ತಾರೆ. ಒಂದು ಕ್ಷಣ ಹಾಯ್ ಅನ್ನಿಸುತ್ತದೆ. ಬಗ್ಗಿ ಗಾಳಿಯ ಜತೆಯೇ ಓಡುವುದರಿಂದ ಪಟಕ್ಕೆ ಸಿಗುವ ಗಾಳಿ ಕಡಿಮೆಯಾಗುತ್ತದೆ, ದಾರ ಸಡಿಲ, ಪಟ ನೆಲಕ್ಕೆ. ಬಗ್ಗಿ ಮಾತ್ರ ಇನ್ನೂ ಓಡುತ್ತಿರುತ್ತದೆ, ಬಿದ್ದ ದಾರದ ಮೇಲೇ ಗಾಲಿ ಹತ್ತುತ್ತದೆ.

ನಿಲ್ಲಿಸಲು ಮೂತಿಯನ್ನು ಇನ್ನೂ ಗಾಳಿಗೆ ಎದುರು ತಿರುಗಿಸಿ, ಪಟವನ್ನು ಮೇಲಕ್ಕೆ ತನ್ನಿ. ನಿಂತ ಮೇಲೆ ಬ್ರೇಕ್ ಹಿಡಿದು ಇಳಿಸಿ. ತಲೆ ಮೇಲೆ ಪಟ ಇಟ್ಟುಕೊಂಡು ಹರಟೆ ಹೊಡೆಯಬೇಡಿ, ಬೀಸು ಬಂದರೆ ಮೇಲಕ್ಕೆ ಎತ್ತುತ್ತದೆ. ವಾಪಸ್ ಬರಲು ಮೊದಲ ವಾರ ಹೀಗೆ ಪೂರ್ತಿ ನಿಲ್ಲಿಸಿ, ಬಗ್ಗಿ ತಿರುಗಿಸಿ, ಮತ್ತೆ ಹೊರಡಿ. ಓಡುತ್ತಲೇ ತಿರುಗುವುದು ಆಮೇಲೆ.

## ಹಂತ 8: ಪಟ ಮಡಚಿದಾಗ

ಮಡಚುವ ಮುಂಚೆ ಪಟ ಹೇಳುತ್ತದೆ. ಮೂತಿಯ ಅಂಚು ಪಟಪಟ ಅನ್ನುತ್ತದೆ, ಒಂದು ತುದಿ ಒಳಕ್ಕೆ ಮಡಚುತ್ತದೆ, ಕೈ ಹಗುರವಾಗುತ್ತದೆ. ಆಗ ಎರಡೂ ಕೈ ಎದೆಗೆ ಎಳೆದುಕೊಳ್ಳಿ, ಮುಂಗಾಲಿ ಗಾಳಿಯ ಎದುರಿಗೆ. ಜರ್ಕ್ ಬೇಡ, ಒಂದೇ ಸಮ ಎಳೆಯಿರಿ. ಹತ್ತರಲ್ಲಿ ಎಂಟು ಸಲ ಇಷ್ಟಕ್ಕೇ ಅರಳುತ್ತದೆ.

ಪೂರ್ತಿ ಮುದುಡಿತು ಅನ್ನಿ. ಅಪಾಯ ಇರುವುದು ಬೀಳುವುದರಲ್ಲಿ ಅಲ್ಲ. ಬೀಳುತ್ತಾ ಗಾಳಿಯ ನಟ್ಟನಡುವೆ ಬಂದು ಅಲ್ಲಿ ಧಡ್ ಅಂತ ಅರಳುವುದರಲ್ಲಿ. ಸುಮ್ನೆ ನೋಡುತ್ತಾ ಕೂತವರನ್ನು ಬಗ್ಗಿಯಿಂದ ಕಿತ್ತುಕೊಂಡು ಹೋಗುತ್ತದೆ. ಹಾಗಾಗಿ ಮುದುಡಿದ ಪಟಕ್ಕೆ ಪೂರ್ತಿ ಬ್ರೇಕ್ ಹಿಡಿದೇ ನೆಲಕ್ಕೆ ಬಿಡಿ. ಅರಳಿ ಎಳೆಯಲು ಶುರು ಮಾಡಿದರೆ ಹ್ಯಾಂಡಲ್ ಬಿಡಿ, ಕಿಲ್ಲರ್ ಇರುವುದೇ ಅದಕ್ಕೆ.

ನಡುವೆ ತಿರುಚಿ ಬೋ-ಟೈ ಥರ ಆಗಿದ್ದರೆ ಗಾಳಿಯಲ್ಲಿ ಬಿಡಿಸಲು ಹೋಗಬೇಡಿ. ಇಳಿಸಿ, ಹ್ಯಾಂಡಲ್ ಗೂಟಕ್ಕೆ ಸಿಕ್ಕಿಸಿ, ನಡೆದು ಹೋಗಿ ಕೈಯಿಂದ ಬಿಡಿಸಿ. ಹೋಗುವಾಗ ಎರಡು ದಾರಗಳ ನಡುವೆ ನಡೆಯಬೇಡಿ, ಪಕ್ಕದಲ್ಲಿ ನಡೆಯಿರಿ.

## ಈ ಚಿಹ್ನೆ ಕಂಡರೆ ಇಳಿಸಿ

ಒಣ ಮರಳು ನೆಲದ ಮೇಲೆ ಹಾವಿನ ಹಾಗೆ ಹರಿಯತೊಡಗಿದರೆ. ಸಮುದ್ರದಲ್ಲಿ ಎಲ್ಲ ಕಡೆ ಬಿಳಿ ನೊರೆ ಎದ್ದರೆ. ದಾರ ಸಿಳ್ಳೆ ಹಾಕಿದರೆ. ಬಗ್ಗಿಯ ಒಂದು ಹಿಂಗಾಲಿ ನೆಲ ಬಿಟ್ಟರೆ, ಅಥವಾ ಬಗ್ಗಿ ಮುಂದೆ ಹೋಗುವ ಬದಲು ಪಕ್ಕಕ್ಕೆ ಜಾರಿದರೆ. ಇವೆಲ್ಲ ಪಟ ದೊಡ್ಡದಾಯಿತು ಅನ್ನುವ ಮಾತು. ದೂರದಲ್ಲಿ ಕಪ್ಪು ಮೋಡ ಕಟ್ಟಿ, ಇದ್ದಕ್ಕಿದ್ದಂತೆ ಗಾಳಿ ಸತ್ತು ತಣ್ಣಗಾದರೆ ಕಾಯಲೇಬೇಡಿ. ಮಳೆಯ ಮುಂದೆ ಬರುವ ಗಾಳಿ ನಮ್ಮ ಆಷಾಢದ ಗಾಳಿಯ ಹಾಗೆ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಗುಡುಗು ಕೇಳಿದರೆ ಪಟ ಚೀಲದೊಳಗೆ, ನೀವು ಕಾರಿನೊಳಗೆ.

## ಹಂತ 9: ಹೊರಡುವ ಮುಂಚೆ

ಪಟದ ತುದಿಗಳ ಒಳಗೆ ಮರಳು ಸೇರಿಕೊಂಡಿರುತ್ತದೆ. ತುದಿಯ ಬಾಯಿ ತೆರೆದು ಅಲ್ಲಾಡಿಸಿ. ಒಂದು ಬೊಗಸೆ ಮರಳಿದ್ದರೂ ಮುಂದಿನ ಸಲ ಆ ಕಡೆಗೇ ವಾಲುತ್ತದೆ, ನೀವು ದಾರದ ಗಂಟು ಸರಿಸುತ್ತಾ ಇಡೀ ಬೆಳಿಗ್ಗೆ ಕಳೆಯುತ್ತೀರಿ. ಉಪ್ಪು ನೀರು ತಾಗಿದ್ದರೆ ಸಿಹಿ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ. ಒದ್ದೆಯಾಗೇ ಮಡಚಿಟ್ಟರೆ ಬೂಷ್ಟು ಬರುತ್ತದೆ.

ದಾರವನ್ನು ಎಂಟರ ಆಕಾರದಲ್ಲಿ ಸುತ್ತಿ. ಬೆರಳುಗಳ ನಡುವೆ ಹಾಯಿಸುತ್ತಾ ಸುತ್ತಿದರೆ ಎಲ್ಲಿ ಎಳೆ ಬಿಟ್ಟಿದೆ ಅಂತ ತಿಳಿಯುತ್ತದೆ. ಮೂರು ಸಲ ಹಾರಿಸಿದ ಮೇಲೆ ಹಂತ 5ರ ಅಳತೆಯನ್ನು ಇನ್ನೊಮ್ಮೆ ಮಾಡಿ. ಪವರ್ ಲೈನ್ ಅಷ್ಟರಲ್ಲಿ ಇನ್ನೊಂದೆರಡು ಬೆರಳು ಹಿಗ್ಗಿರುತ್ತದೆ.